ಕಾರಂಜಿಯಿಂದ ಬಲಿಪೀಠದವರೆಗೆ: ನೆಟ್‌ಹ್ಯಾಕ್‌ನಲ್ಲಿ ವ್ಯಾಲ್ಕಿರಿಯ ದಾರಿ

ಎಲ್ಲರಿಗೂ ನಮಸ್ಕಾರ.

ಇವತ್ತು ಮಾತಾಡುವುದು ಒಂದೇ ಆಟದ ಒಂದೇ ಪಾತ್ರದ ಬಗ್ಗೆ. ಆಟ ನೆಟ್‌ಹ್ಯಾಕ್, ಪಾತ್ರ ವ್ಯಾಲ್ಕಿರಿ ಎಂಬ ಯೋಧೆ. ನೆಲಮಾಳಿಗೆಯ ತಳದಿಂದ ಯೆಂಡೋರ್‌ನ ಆಮ್ಯುಲೆಟ್ (ತಾಯಿತ) ತಂದು ನಿಮ್ಮ ದೇವರ ಬಲಿಪೀಠದಲ್ಲಿ ಅರ್ಪಿಸುವುದೇ ಇಲ್ಲಿ ಗೆಲುವು. 1980ರಲ್ಲಿ ಬಂದ ರೋಗ್ ಈ ವಂಶದ ಅಜ್ಜ. ಅದರ ನಂತರ ಹ್ಯಾಕ್ ಬಂತು, 1987ರ ಜುಲೈನಲ್ಲಿ ನೆಟ್‌ಹ್ಯಾಕ್. ಪರದೆಯ ಮೇಲೆ @ ಅಂದರೆ ನೀವು, { ಅಂದರೆ ಕಾರಂಜಿ, _ ಅಂದರೆ ಬಲಿಪೀಠ, > ಅಂದರೆ ಕೆಳಗಿಳಿಯುವ ಮೆಟ್ಟಿಲು. ಇಂಗ್ಲಿಷಿನ ಒಂದೊಂದು ಅಕ್ಷರವೂ ಒಂದೊಂದು ಜಾತಿಯ ಪ್ರಾಣಿ. ಪ್ರತಿ ಆಟಕ್ಕೂ ನೆಲಮಾಳಿಗೆ ಹೊಸದಾಗಿ ಹುಟ್ಟುತ್ತದೆ. ಸೇವ್ ಮಾಡಿದ ಆಟವನ್ನು ಮತ್ತೆ ತೆರೆದ ಕೂಡಲೇ ಆ ಫೈಲ್ ಅಳಿದುಹೋಗುತ್ತದೆ, ಹಾಗಾಗಿ ಸತ್ತರೆ ಮತ್ತೆ ಮೊದಲಿನಿಂದಲೇ ಶುರು.

ಮುಂದೆ ಬರುವ ಲೆಕ್ಕಗಳೆಲ್ಲ 3.6 ಸರಣಿಯವು. ಇನ್ನೊಂದು ಮಾತು: ಅನುಭವದ ಲೆವೆಲ್ ಬೇರೆ, ನೆಲಮಾಳಿಗೆಯ ಲೆವೆಲ್ ಬೇರೆ. ಗೊಂದಲವಾಗದಿರಲಿ ಎಂದು ನೆಲಮಾಳಿಗೆಯದ್ದನ್ನು ಮಹಡಿ ಎನ್ನುತ್ತೇನೆ. ಎಣಿಕೆ ಮೇಲಿನಿಂದ ಕೆಳಕ್ಕೆ.

ಹದಿಮೂರು ಪಾತ್ರಗಳಲ್ಲಿ ವ್ಯಾಲ್ಕಿರಿಯೇ ಗಟ್ಟಿಗಿತ್ತಿ ಎಂದು ಹಳೆಯ ಆಟಗಾರರೆಲ್ಲ ಹೊಸಬರಿಗೆ ಹೇಳುತ್ತಾರೆ. ಅದು ನಿಜ. ಹಾಗಿದ್ದೂ ವ್ಯಾಲ್ಕಿರಿಯನ್ನೇ ಹಿಡಿದು ವರ್ಷಗಟ್ಟಲೆ ಆಡಿ ಒಮ್ಮೆಯೂ ಗೆಲ್ಲದವರು ಬಹಳ ಮಂದಿ. ಯಾಕೆಂದರೆ ಮೊದಲ ಹತ್ತು ಮಹಡಿಯನ್ನು ಅವಳ ತೋಳ್ಬಲವೇ ದಾಟಿಸಿಬಿಡುತ್ತದೆ, ಆಟಗಾರ ಬೇರೇನನ್ನೂ ಕಲಿಯದೆ ಮುಂದೆ ಹೋಗಿರುತ್ತಾನೆ. ಅಲ್ಲಿಂದಾಚೆ ಅವಳನ್ನು ಕೊಲ್ಲುವುದು ನೋಟ, ಸ್ಪರ್ಶ, ವಿಷ, ಕಿರಣ ಇಂಥವು. ಇವುಗಳ ಮುಂದೆ ಎಚ್‌ಪಿ (ಜೀವಬಲದ ಅಂಕ) ನೂರಿದ್ದರೂ ಒಂದೇ, ಇನ್ನೂರಿದ್ದರೂ ಒಂದೇ. ಹಾಗಾಗಿ ಯಾವ ರಕ್ಷಣೆಯನ್ನು ಯಾವ ಬಾಗಿಲಿಗೆ ಮುಂಚೆ ಕೂಡಿಸಿಕೊಳ್ಳಬೇಕು ಎಂಬುದೇ ಇವತ್ತಿನ ವಿಷಯ.

ಹುಟ್ಟುವಾಗಿನ ಆಯ್ಕೆ

ವ್ಯಾಲ್ಕಿರಿಯ ಕೈಯಲ್ಲಿ ಮೊದಲಿಗೆ ಇರುವುದು +1 ಲಾಂಗ್ ಸ್ವೋರ್ಡ್, ಒಂದು ಡ್ಯಾಗರ್, +3 ಸ್ಮಾಲ್ ಶೀಲ್ಡ್, ಒಂದು ಫುಡ್ ರೇಷನ್. ಎಸಿ, ಅಂದರೆ ಕವಚದ ರಕ್ಷಣೆಯ ಅಂಕ, 6. ಎಸಿ ಕಮ್ಮಿಯಾದಷ್ಟೂ ಒಳ್ಳೆಯದು, ಸೊನ್ನೆಯ ಕೆಳಗೂ ಇಳಿಯುತ್ತದೆ. ಚಳಿ ಅವಳನ್ನು ತಾಗದು, ಹೆಜ್ಜೆ ಸದ್ದಾಗದು. ಈ ಎರಡು ಹುಟ್ಟಿನಿಂದಲೇ ಬಂದವು. ಏಳನೇ ಲೆವೆಲ್‌ಗೆ ವೇಗ ಸೇರುತ್ತದೆ.

ಮನುಷ್ಯಳಾಗಬೇಕೋ ಡ್ವಾರ್ಫ್ (ಕುಬ್ಜ ಜಾತಿ) ಆಗಬೇಕೋ ಎಂದು ಆಟ ಕೇಳುತ್ತದೆ. ಮೊದಲ ಗೆಲುವಿಗೆ ಡ್ವಾರ್ಫ್ ತೆಗೆದುಕೊಳ್ಳಿ. ಶುರುವಿನ ಎಚ್‌ಪಿ 16ರ ಬದಲು 18, ಕತ್ತಲಲ್ಲಿ ಬಿಸಿರಕ್ತದ ಪ್ರಾಣಿಗಳು ಕಾಣುತ್ತವೆ, ನೋಮಿಷ್ ಮೈನ್ಸ್ ಎಂಬ ಗಣಿಯಲ್ಲಿರುವ ಡ್ವಾರ್ಫ್‌ಗಳೂ ನೋಮ್‌ಗಳೂ ಹೆಚ್ಚಿನಂಶ ಅವಳ ತಂಟೆಗೆ ಬರುವುದಿಲ್ಲ. ಡ್ವಾರ್ಫ್ ವ್ಯಾಲ್ಕಿರಿ ಯಾವಾಗಲೂ ಲಾಫುಲ್, ಅಂದರೆ ಧರ್ಮದ ಪಕ್ಷ. ಕಾರಂಜಿಯ ಕತ್ತಿಗೆ ಅದೇ ಅರ್ಹತೆ. ಮನುಷ್ಯ ವ್ಯಾಲ್ಕಿರಿಗೆ ಮೈನ್ಸ್ ಪೂರ್ತಿ ಶತ್ರುಗಳ ಬೀಡು, ಮೊದಲ ಲೆವೆಲ್‌ನಲ್ಲೇ ಅಲ್ಲಿ ಇಳಿದರೆ ಮ್ಯಾಟಕ್ ಹಿಡಿದ ಒಬ್ಬ ಡ್ವಾರ್ಫ್ ಸಾಕು, ಏಟಿಗೆ 20ರವರೆಗೆ ಹೊಡೆಯುತ್ತಾನೆ. ಆದರೆ ಬದುಕಿದರೆ ಸಿಗುವ ಕಬ್ಬಿಣ ಬಹಳ. ಡ್ವಾರ್ಫ್‌ನ ಹೆಲ್ಮೆಟ್ 2, ಕಬ್ಬಿಣದ ಬೂಟು 2, ಮಿಥ್ರಿಲ್ ಅಂಗಿ 4. ಮೂರೂ ಸಿಕ್ಕರೆ ಎಸಿ 6ರಿಂದ ನೇರ -2ಕ್ಕೆ ಇಳಿಯುತ್ತದೆ. ಡ್ವಾರ್ಫ್ ವ್ಯಾಲ್ಕಿರಿಗೂ ನಡುವೆ ಅಲ್ಲೊಬ್ಬ ಇಲ್ಲೊಬ್ಬ ಜಗಳಗಂಟ ಎದುರಾಗುತ್ತಾನೆ, ಅವನಿಂದ ತೆಗೆದುಕೊಳ್ಳಿ. ಶಾಂತವಾಗಿರುವವನ ಮೇಲೆ ಕೈಮಾಡಲು ಹೋದಾಗ ಆಟ ನಿಮ್ಮನ್ನು ನಿಲ್ಲಿಸಿ ಒಮ್ಮೆ ಕೇಳುತ್ತದೆ. ಅಂಗಿಯ ಆಸೆಗೆ ಹೌದೆಂದು ಕೊಂದರೆ ಅದೃಷ್ಟ ಐದು ಅಂಕ ಬೀಳುತ್ತದೆ, ಅದೃಷ್ಟ ಸೊನ್ನೆಯ ಕೆಳಗಿದ್ದಾಗ ಮಾಡುವ ಪ್ರಾರ್ಥನೆ ಶಾಪವಾಗಿ ತಿರುಗುತ್ತದೆ. ಕಬ್ಬಿಣಕ್ಕೆ ಕೊಡುವ ಬೆಲೆಯಲ್ಲ ಅದು.

ಮೈನ್ಸ್‌ನ ದಾರಿ 2ರಿಂದ 4ನೇ ಮಹಡಿಯೊಳಗೆ ಎರಡನೇ ಕೆಳಮೆಟ್ಟಿಲಾಗಿ ಸಿಗುತ್ತದೆ. ಅದರಲ್ಲಿ ಇಳಿಯುತ್ತಾ ಹೋದರೆ ಮೈನ್‌ಟೌನ್ ಎಂಬ ಊರು. ಅಲ್ಲಿ ಮಾಡಬೇಕಾದ ಕೆಲಸ ಎರಡು. ಒಂದು ದೇವಸ್ಥಾನದ್ದು. ಅರ್ಚಕನ ಪಕ್ಕ ನಿಂತು #chat ಕೊಟ್ಟು, ನಿಮ್ಮ ಲೆವೆಲ್ ಎಷ್ಟೋ ಅದರ 400 ಪಟ್ಟು ಚಿನ್ನ ಕೊಟ್ಟರೆ ಎಸಿ ಒಂದಂಕ ಶಾಶ್ವತವಾಗಿ ಸುಧಾರಿಸುತ್ತದೆ. ಮೊದಲ ಲೆವೆಲ್‌ನಲ್ಲಿ 400, ಮೂರರಲ್ಲಿ 1200, ಎಂಟರಲ್ಲಿ 3200. ಲೆವೆಲ್ ಏರಿದಂತೆ ಇದೇ ಸರಕು ತುಟ್ಟಿ. ಚಿನ್ನ ಸಿಕ್ಕಿದ್ದನ್ನೆಲ್ಲ ಗುಡ್ಡೆ ಹಾಕಿಕೊಂಡು ಲೆವೆಲ್ ಚಿಕ್ಕದಿರುವಾಗಲೇ ಇಲ್ಲಿಗೆ ಬನ್ನಿ. ಎರಡನೆಯದು ಮೇಣದಬತ್ತಿ. ದೀಪದಂಗಡಿಯ ಇಝ್‌ಚಾಕ್‌ನ ಹತ್ತಿರ ಏಳು ಮೇಣದಬತ್ತಿ ಕೊಂಡು ಇಟ್ಟುಕೊಳ್ಳಿ. ಇವು ಬೇಕಾಗುವುದು ಆಟದ ಕಟ್ಟಕಡೆಗೆ, ಆಗ ಇಲ್ಲವೆಂದರೆ ನಲವತ್ತು ಮಹಡಿ ಹಿಂದಕ್ಕೆ ನಡೆಯಬೇಕು.

ಕಾರಂಜಿ

ಐದನೇ ಲೆವೆಲ್ ತಲುಪಿದ ಮೇಲೆ ಲಾಂಗ್ ಸ್ವೋರ್ಡನ್ನು ಕಾರಂಜಿಯಲ್ಲಿ ಅದ್ದಿ ಎಕ್ಸ್‌ಕ್ಯಾಲಿಬರ್ ಎಂಬ ಮಾಂತ್ರಿಕ ಕತ್ತಿ ಮಾಡಿಕೊಳ್ಳಬಹುದು. ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ತಪ್ಪುಗಳು ಇಲ್ಲಿಂದಲೇ ಶುರುವಾಗುತ್ತವೆ.

ಮೈನ್‌ಟೌನ್‌ನ ಕಾರಂಜಿ ಮುಟ್ಟಬೇಡಿ. ಅದ್ದುತ್ತಾ ಹೋದರೆ ಕಾರಂಜಿ ಬತ್ತಬಹುದು, ಊರ ಕಾವಲುಗಾರರು ಮೊದಲು ಎಚ್ಚರಿಸುತ್ತಾರೆ, ಆಮೇಲೆ ಕತ್ತಿ ಎಳೆಯುತ್ತಾರೆ. ಮುಖ್ಯ ನೆಲಮಾಳಿಗೆಯಲ್ಲಿ ಸಿಕ್ಕ ಕಾರಂಜಿಯೇ ಸರಿ. ಬೆಲೆಬಾಳುವ ಸಾಮಾನನ್ನು ಪಕ್ಕದ ಕೋಣೆಯಲ್ಲಿ ಇಳಿಸಿ. ನೀರಿನಿಂದ ನಿಂಫ್ ಎದ್ದರೆ ಕೈಗೆ ಸಿಕ್ಕಿದ್ದನ್ನು ಕದ್ದು ಮಾಯವಾಗುತ್ತಾಳೆ. ಎಚ್‌ಪಿ ಪೂರ್ತಿ ತುಂಬಿರಲಿ, ಏಕೆಂದರೆ ವಿಷದ ನೀರುಹಾವುಗಳೂ ಗುಂಪಾಗಿ ಏಳುತ್ತವೆ, ಅಪರೂಪಕ್ಕೆ ನೀರಿನ ದೆವ್ವವೂ. ಆಮೇಲೆ ಕಾರಂಜಿಯ ಮೇಲೆ ನಿಂತು #dip ಕೊಡಿ, ಕತ್ತಿಯ ಅಕ್ಷರ ಒತ್ತಿ, ಕಾರಂಜಿಯಲ್ಲಿ ಅದ್ದಲೇ ಎಂಬ ಪ್ರಶ್ನೆಗೆ ಹೌದೆನ್ನಿ.

ಪ್ರತಿ ಸಲ ಆರರಲ್ಲೊಂದು ಅವಕಾಶ. ಆರು ಸಲ ಅದ್ದಿದರೆ ಸಿಕ್ಕಿರುವ ಸಾಧ್ಯತೆ ಮೂರರಲ್ಲಿ ಎರಡು, ಹನ್ನೆರಡು ಸಲಕ್ಕೆ ಸುಮಾರು 89%. ನಡುವೆ ಕತ್ತಿಗೆ ತುಕ್ಕು ಹಿಡಿಯಬಹುದು, ಶಾಪವೂ ತಗಲಬಹುದು. ಹೆದರಬೇಡಿ, ಕೊನೆಗೆ ನೀರಿನಾಳದಿಂದ ಒಂದು ಕೈ ಮೇಲೆದ್ದು ಕತ್ತಿಯನ್ನು ಹರಸಿದಾಗ ತುಕ್ಕೂ ಶಾಪವೂ ಎರಡೂ ಹೋಗುತ್ತವೆ, ಮುಂದೆಂದೂ ತುಕ್ಕು ಹಿಡಿಯುವುದಿಲ್ಲ. ಕೈ ಹಿಂದೆ ಸರಿದಂತೆ ಕಾರಂಜಿಯೂ ಕಾಣೆಯಾಗುತ್ತದೆ. ಲಾಫುಲ್ ಅಲ್ಲದವರು ಇದನ್ನೇ ಮಾಡಿದರೆ ಕತ್ತಿಗೆ ಶಾಪ ತಗಲಿ ಅದರ ಪ್ಲಸ್ ಇಳಿಯುತ್ತದೆ. ನ್ಯೂಟ್ರಲ್ (ತಟಸ್ಥ ಪಕ್ಷದ) ಮನುಷ್ಯ ವ್ಯಾಲ್ಕಿರಿಯ ದಾರಿ ಬೇರೆ: ಬಲಿಪೀಠದಲ್ಲಿ ಬಲಿ ಕೊಡುತ್ತಾ ಹೋದರೆ ದೇವರ ಮೊದಲ ಉಡುಗೊರೆಯಾಗಿ ಮ್ಯೋಲ್ನಿರ್ ಸುತ್ತಿಗೆ ಬರುತ್ತದೆ.

ಎಕ್ಸ್‌ಕ್ಯಾಲಿಬರ್ ಪ್ರತಿ ಏಟಿಗೆ ಒಂದರಿಂದ ಹತ್ತರವರೆಗೆ ಹೆಚ್ಚುವರಿ ಪೆಟ್ಟು ಸೇರಿಸುತ್ತದೆ, ಗುರಿ ಹೆಚ್ಚು ತಾಗುತ್ತದೆ, ಕೈಯಲ್ಲಿರುವಷ್ಟು ಹೊತ್ತು ನಿಮ್ಮ ಲೆವೆಲ್ ಯಾರೂ ಹೀರಲಾರರು, ಅಡಗಿದ ಬಾಗಿಲುಗಳು ತಾವಾಗಿ ಕಾಣುತ್ತವೆ. ಇದು ಬಂದ ದಿನವೇ ಆಟ ಗೆದ್ದ ಭಾವನೆ ಬರುವುದು ಸಹಜ. ಆದರೆ ಹುಟ್ಟುವ ಪ್ರಾಣಿಗಳ ಬಲದ ಮೇಲ್ಮಿತಿ ನಿಮ್ಮ ಲೆವೆಲ್ ಮತ್ತು ಮಹಡಿ ಎರಡರ ಸರಾಸರಿಯಿಂದ ನಿರ್ಧಾರವಾಗುತ್ತದೆ. ಹತ್ತನೇ ಲೆವೆಲ್‌ನವಳು ಹದಿನಾಲ್ಕನೇ ಮಹಡಿಗೆ ಇಳಿದರೆ ಹನ್ನೆರಡರ ಮಟ್ಟದ ಪ್ರಾಣಿಗಳವರೆಗೆ ಎದುರಾಗುತ್ತವೆ. ಕತ್ತಿ ಸಿಕ್ಕಿದ ಹುಮ್ಮಸ್ಸಿನಲ್ಲಿ ದಡದಡನೆ ಇಳಿಯುವವರಿಗೆ ಎಸಿ ಮಾತ್ರ ಐದನೇ ಮಹಡಿಯದ್ದೇ ಉಳಿದಿರುತ್ತದೆ.

ದೊಣ್ಣೆ ತಪ್ಪಿಸಿಕೊಳ್ಳುವ ಪಾಠ

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರಲ್ಲ, ಈ ಆಟಕ್ಕೆ ಆ ಮಾತು ಅಕ್ಷರಶಃ ಸಲ್ಲುತ್ತದೆ. ಅಪಾಯ ಬಂದಾಗ ಏನೇನಿದೆ ಎಂದು ಆಗ ಹುಡುಕಬಾರದು, ಮೊದಲೇ ಲೆಕ್ಕ ಇರಬೇಕು.

ಎಚ್‌ಪಿ ಮೂರನೇ ಒಂದು ಭಾಗಕ್ಕೆ ಇಳಿದಾಗಲೇ ಜಗಳ ಬಿಡಿ. ಪಕ್ಕದಲ್ಲಿ ಮೆಟ್ಟಿಲಿದ್ದರೆ ಹತ್ತಿ. ಪಕ್ಕದಲ್ಲಿ ಅಂಟಿಕೊಂಡಿದ್ದವು ಮಾತ್ರ ಹಿಂದೆ ಬರುತ್ತವೆ, ಗುಂಪು ಒಡೆಯುತ್ತದೆ. ಮೆಟ್ಟಿಲಿಲ್ಲದಿದ್ದರೆ ನೆಲದ ಮೇಲೆ ಬೆರಳಿನಿಂದ ಎಲ್ಬೆರೆತ್ (Elbereth) ಎಂದು ಬರೆಯಿರಿ. ಹೆಚ್ಚಿನ ಪ್ರಾಣಿಗಳು ಆ ಚೌಕಕ್ಕೆ ಕೈಮಾಡದೆ ಓಡುತ್ತವೆ. ಇದರ ಮಿತಿ ಗೊತ್ತಿರಲಿ: ಮನುಷ್ಯರು, ಅಂದರೆ ಶತ್ರುಗಳಾದ @ಗಳು, ಮತ್ತು ಮಿನೊಟಾರ್ ಇದಕ್ಕೆ ಸೊಪ್ಪು ಹಾಕುವುದಿಲ್ಲ. ಒಂದು ಪ್ರಾಣಿ ಹೆದರಿ ಹಿಮ್ಮೆಟ್ಟಿದಾಗಲೆಲ್ಲ ಬರಹ ಅಳಿಯುವ ಸಾಧ್ಯತೆ ಏಳರಲ್ಲೊಂದು. ಅದರ ಮೇಲೆ ನಿಂತು ನೀವೇ ಕತ್ತಿ ಬೀಸಿದರೆ ಅಲ್ಲಿಗೇ ಅಳಿಯಿತು. ವ್ಯಾಲ್ಕಿರಿ ಆಡುವವರು ಮಾಡುವ ತಪ್ಪು ಇದೇ. ಬರೆದು, ಒಂದು ಉಸಿರು ತೆಗೆದು, ಮತ್ತೆ ಹೊಡೆಯಲು ಶುರುಮಾಡುತ್ತಾರೆ.

ಪ್ರಾರ್ಥನೆ ಕೊನೆಯ ಮೆಟ್ಟಿಲು. ಎಚ್‌ಪಿ 5ಕ್ಕೆ, ಅಥವಾ ಗರಿಷ್ಠದ ಏಳನೇ ಒಂದು ಭಾಗಕ್ಕೆ ಇಳಿದರೆ ದೇವರು ಅದನ್ನು ದೊಡ್ಡ ಕಷ್ಟವೆಂದು ಒಪ್ಪುತ್ತಾರೆ. ಗರಿಷ್ಠ 70 ಇದ್ದರೆ 10 ಆದಾಗ. ಹೊಟ್ಟೆ ಹಸಿದು ವೀಕ್ ಎಂದು ತೋರಿಸಿದಾಗಲೂ ಹಾಗೆಯೇ. ಮೊದಲ ಪ್ರಾರ್ಥನೆಯನ್ನು 300ನೇ ಸರದಿಯ ನಂತರ ನಂಬಬಹುದು, ಆಮೇಲೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಸಾವಿರ ಸರದಿ ಬಿಡಿ. ಯಾವ ಸರದಿಯಲ್ಲಿ ಪ್ರಾರ್ಥಿಸಿದಿರಿ ಎಂದು ಒಂದು ಕಾಗದದ ಮೇಲೆ ಬರೆದಿಡಿ. ಇದು ಬಾಲಿಶ ಅನ್ನಿಸಬಹುದು, ಆದರೆ ಎರಡನೇ ಪ್ರಾರ್ಥನೆಗೆ ಸತ್ತವರ ಸಂಖ್ಯೆ ದೊಡ್ಡದು.

ಸಿಕ್ಕ ಪ್ರತಿ ವಾಂಡ್, ಅಂದರೆ ಮಂತ್ರದಂಡದಿಂದಲೂ ನೆಲದ ಮೇಲೆ ಒಮ್ಮೆ ಬರೆದು ನೋಡಿ. ಜಲ್ಲಿ ಚಿಮ್ಮಿದರೆ ಅದು ಡಿಗ್ಗಿಂಗ್, ಕೆಳಮುಖವಾಗಿ ಬೀಸಿದರೆ ಒಂದೇ ಸರದಿಯಲ್ಲಿ ಕೆಳಗಿನ ಮಹಡಿಗೆ ಜಾರುತ್ತೀರಿ. ಅದಕ್ಕಿಂತ ಒಳ್ಳೆಯ ಹಿಂಬಾಗಿಲು ಇನ್ನೊಂದಿಲ್ಲ.

ಈಗ ಏಟಿಲ್ಲದೆ ಕೊಲ್ಲುವವರು. ನೀಲಿ ಬಣ್ಣದ ಸಣ್ಣಕ್ಷರದ ಇ ಕಂಡರೆ ಅದು ಫ್ಲೋಟಿಂಗ್ ಐ. ಅದು ತಾನಾಗಿ ಏನೂ ಮಾಡುವುದಿಲ್ಲ, ನೀವು ಅದನ್ನು ಕತ್ತಿಯಿಂದ ಹೊಡೆದರೆ ನೂರಕ್ಕೂ ಹೆಚ್ಚು ಸರದಿ ಕಲ್ಲಿನಂತೆ ನಿಲ್ಲಬಹುದು, ಅಷ್ಟರಲ್ಲಿ ದಾರಿಹೋಕ ಇಲಿಯೂ ನಿಮ್ಮನ್ನು ಮುಗಿಸುತ್ತದೆ. ದೂರದಿಂದ ಡ್ಯಾಗರ್ ಎಸೆದು ಕೊಂದು ಹೆಣ ತಿನ್ನಿ, ಟೆಲಿಪತಿ ಬರುತ್ತದೆ. ಹಳದಿ ಸಣ್ಣಕ್ಷರದ ಸಿ ಕಾಕಟ್ರೈಸ್. ಅದನ್ನು ಬರಿಗೈಯಲ್ಲಿ ಮುಟ್ಟಿದರೆ ತಕ್ಷಣ ಕಲ್ಲು. ಕತ್ತಿಯಿಂದ ಹೊಡೆಯುವುದಕ್ಕೆ ತೊಂದರೆಯಿಲ್ಲ, ಆದರೆ ಅದು ಬುಸುಗುಟ್ಟಿದ ಮೇಲೆ ಮೈ ಬಿಗಿಯುತ್ತಿದೆ ಎಂಬ ಸಂದೇಶ ಬಂದರೆ ಉಳಿದಿರುವುದು ನಾಲ್ಕಾರು ಸರದಿ ಮಾತ್ರ. ಹಲ್ಲಿಯ ಹೆಣ ತಿನ್ನಬೇಕು, ಇಲ್ಲವೇ ಪ್ರಾರ್ಥಿಸಬೇಕು. ಹಲ್ಲಿಯ ಹೆಣ ಎಂದೂ ಕೊಳೆಯುವುದಿಲ್ಲ, ಸಿಕ್ಕ ಮೊದಲನೆಯದನ್ನೇ ಚೀಲದಲ್ಲಿ ಹಾಕಿಕೊಳ್ಳಿ. ಕಣ್ಣು ಕಾಣದಿರುವಾಗ ಗ್ಲೋವ್ಸ್ ಇಲ್ಲದೆ ನೆಲದ ಸಾಮಾನು ತಡವಬೇಡಿ, ಅಲ್ಲಿ ಇರುವುದು ಕಾಕಟ್ರೈಸ್‌ನ ಹೆಣವೇ ಆಗಿರಬಹುದು.

ಸೋಲ್ಜರ್ ಆಂಟ್ ನಿಮಗಿಂತ ವೇಗ, ಅದರ ವೇಗ 18, ನಿಮ್ಮದು ಶುರುವಿನಲ್ಲಿ 12. ಒಂದು ಸರದಿಗೆ ಎರಡೆರಡು ಕಡಿತ, ಎರಡನೆಯದರಲ್ಲಿ ವಿಷ. ಓಡಿ ತಪ್ಪಿಸಿಕೊಳ್ಳಲಾಗದು. ಬಾಗಿಲಿಗೆ ಅಥವಾ ಓಣಿಗೆ ಹಿಂದೆ ಸರಿದು ಒಂದೊಂದಾಗಿ ಎದುರಿಸಿ. ವಿಷ ಕೆಲವೊಮ್ಮೆ ಎಚ್‌ಪಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ನೇರ ಕೊಲ್ಲುತ್ತದೆ. ಕಿಲ್ಲರ್ ಬೀ ಹೆಣಗಳನ್ನು ತಿಂದು ವಿಷ ತಾಗದ ಮೈ ಮಾಡಿಕೊಳ್ಳುವುದನ್ನು ಹತ್ತನೇ ಮಹಡಿಗೆ ಮುಂಚಿನ ಕೆಲಸವೆಂದೇ ಇಟ್ಟುಕೊಳ್ಳಿ. ಆದರೆ ವಿಷನಿರೋಧವಿಲ್ಲದೆ ತಿನ್ನುವ ಆ ಹೆಣಗಳೇ ವಿಷದ್ದು. ಎಚ್‌ಪಿ ತುಂಬಿರುವಾಗ, ಪ್ರಾರ್ಥನೆ ಕೈಯಲ್ಲಿರುವಾಗ ತಿನ್ನಿ.

ಸೊಕೊಬಾನ್, ಕ್ವೆಸ್ಟ್

ಆರರಿಂದ ಒಂಬತ್ತನೇ ಮಹಡಿಯ ಆಸುಪಾಸಿನಲ್ಲಿ ಎರಡನೇ ಮೇಲ್ಮೆಟ್ಟಿಲು ಸಿಗುತ್ತದೆ, ಅದು ಸೊಕೊಬಾನ್. ನಾಲ್ಕು ಮಹಡಿ ಬಂಡೆ ತಳ್ಳುವ ಒಗಟು. ಬಂಡೆ ಒಡೆಯುವಂಥ ಅಡ್ಡದಾರಿ ಹಿಡಿದರೆ ಒಂದೊಂದು ಸಲಕ್ಕೂ ಅದೃಷ್ಟ ಒಂದಂಕ ಇಳಿಯುತ್ತದೆ. ಬಹುಮಾನ ಎರಡರಲ್ಲೊಂದು: ಬ್ಯಾಗ್ ಆಫ್ ಹೋಲ್ಡಿಂಗ್ ಅಥವಾ ಆಮ್ಯುಲೆಟ್ ಆಫ್ ರಿಫ್ಲೆಕ್ಷನ್. ಆಮ್ಯುಲೆಟ್ ಬಂದರೆ ಕಿರಣಗಳ ಚಿಂತೆ ಅರ್ಧ ಆಟದಲ್ಲೇ ಮುಗಿಯಿತು. ಚೀಲ ಬಂದರೆ ಸ್ಕ್ರೋಲ್, ಪೋಷನ್‌ಗಳನ್ನೆಲ್ಲ ಅದರೊಳಗೆ ಹಾಕಿ, ಒಳಗಿದ್ದವನ್ನು ಬೆಂಕಿ ಸುಡುವುದಿಲ್ಲ. ಹೆಸರು ಗೊತ್ತಿಲ್ಲದ ವಾಂಡ್ ಮಾತ್ರ ಹಾಕಬೇಡಿ. ಅದು ಕ್ಯಾನ್ಸಲೇಷನ್ ಆಗಿದ್ದರೆ ಚೀಲವೇ ಸಿಡಿದು ಒಳಗಿನದೆಲ್ಲ ಹೋಗುತ್ತದೆ.

ಇಷ್ಟರಲ್ಲಿ ಸ್ಕ್ರೋಲ್‌ಗಳ ಬೆಲೆ ನೋಡಿ ಗುರುತಿಸುವ ಅಭ್ಯಾಸ ಬಂದಿರಬೇಕು. ಮೂಲಬೆಲೆ 20 ಇದ್ದರೆ ಐಡೆಂಟಿಫೈ, 60 ಇದ್ದರೆ ಎಂಚಾಂಟ್ ವೆಪನ್, 80 ಇದ್ದರೆ ಎಂಚಾಂಟ್ ಆರ್ಮರ್ ಅಥವಾ ರಿಮೂವ್ ಕರ್ಸ್. 80ರದ್ದು ಎರಡೂ ಬೇಕಾದವೇ, ಎರಡಿದ್ದರೆ ಒಂದನ್ನು ಓದಿ. ತೊಟ್ಟ ಕವಚ +3ರವರೆಗೆ ಇರುವಾಗ ಎಂಚಾಂಟ್ ಆರ್ಮರ್ ಓದಲು ಭಯವಿಲ್ಲ. ಅದಕ್ಕೂ ಮೇಲಿದ್ದಾಗ ಓದಿದರೆ ಕವಚವೇ ಆವಿಯಾಗಬಹುದು. ಕೋಟೆಯ ಬಾಗಿಲಿಗೆ ಹೋಗುವ ಹೊತ್ತಿಗೆ ಎಸಿ -10, ಎಚ್‌ಪಿ ನೂರರ ಮೇಲಿದ್ದರೆ ನೆಮ್ಮದಿ.

ಕ್ವೆಸ್ಟ್‌ಗೆ, ಅಂದರೆ ಪಾತ್ರಕ್ಕೇ ಮೀಸಲಾದ ಸಾಹಸಕ್ಕೆ, ಹದಿನಾಲ್ಕನೇ ಲೆವೆಲ್ ಬೇಕು, ಅಂದರೆ 80,000 ಅನುಭವದ ಅಂಕ. ರೇತ್ ಎಂಬ ಪ್ರೇತದ ಹೆಣ ತಿಂದರೆ ಒಂದು ಲೆವೆಲ್ ಪುಕ್ಕಟೆ. ವ್ಯಾಲ್ಕಿರಿಯ ಕ್ವೆಸ್ಟ್ ಇರುವುದು ಬೆಂಕಿಯ ನಾಡಿನಲ್ಲಿ. ಫೈರ್ ಆಂಟ್, ಫೈರ್ ಜೈಂಟ್, ಎಲ್ಲೆಲ್ಲೂ ಲಾವಾ. ಹುಟ್ಟಿನಿಂದ ಬಂದ ಚಳಿನಿರೋಧ ಇಲ್ಲಿ ಉಪಯೋಗಕ್ಕೆ ಬಾರದು, ಬೆಂಕಿನಿರೋಧ ಇಲ್ಲದೆ ಹೋಗಬಾರದು. ಕೊನೆಯಲ್ಲಿ ಸುರ್ತ್‌ರ್ ಕಾದಿರುತ್ತಾನೆ. ಅವನನ್ನು ಕೊಂದರೆ ಬೆಲ್ ಆಫ್ ಓಪನಿಂಗ್ ಸಿಗುತ್ತದೆ, ಜೊತೆಗೆ ಆರ್ಬ್ ಆಫ್ ಫೇಟ್. ಈ ಆರ್ಬನ್ನು ಭಾರವೆಂದು ಬಿಟ್ಟು ಬರುವವರಿದ್ದಾರೆ. ಬಿಡಬೇಡಿ. ಜೊತೆಯಲ್ಲಿ ಇಟ್ಟುಕೊಂಡರೆ ಏಟಿನ ಪೆಟ್ಟೂ ಮಂತ್ರದ ಪೆಟ್ಟೂ ಅರ್ಧಕ್ಕೆ ಇಳಿಯುತ್ತವೆ. ಆಟದುದ್ದಕ್ಕೂ ವ್ಯಾಲ್ಕಿರಿಗೆ ಅದಕ್ಕಿಂತ ಹೆಚ್ಚು ಕಾಪಾಡುವ ವಸ್ತು ವಿರಳ.

ಕೋಟೆ

ಮೆಡುಸಾಳ ದ್ವೀಪ 21ರಿಂದ 24ನೇ ಮಹಡಿಯೊಳಗೆ, ಅದರ ಕೆಳಗೆ ಕೋಟೆ. ಮೆಡುಸಾಳ ನೋಟಕ್ಕೆ ಕಣ್ಣುಪಟ್ಟಿ ಅಥವಾ ಟವೆಲ್ ಕಟ್ಟಿಕೊಳ್ಳಿ, ಟೆಲಿಪತಿ ಇದ್ದರೆ ಕಣ್ಣು ಮುಚ್ಚಿಕೊಂಡೂ ಅವಳಿರುವ ಜಾಗ ಕಾಣುತ್ತದೆ. ಫ್ಲೋಟಿಂಗ್ ಐ ತಿಂದದ್ದು ಇಲ್ಲಿ ಫಲ ಕೊಡುತ್ತದೆ. ನೀರು ದಾಟಲು ಲೆವಿಟೇಷನ್ ಬೇಕು.

ಕೋಟೆಯ ಎತ್ತಿಳಿಸುವ ಸೇತುವೆ ಐದು ಸ್ವರದ ಒಂದು ರಾಗಕ್ಕೆ ತೆರೆಯುತ್ತದೆ. ಕೊಳಲು ಅಥವಾ ಕಹಳೆ ಇದ್ದರೆ ಸೇತುವೆಯ ಪಕ್ಕ ನಿಂತು ಊಹಿಸಬಹುದು. ಎ ಇಂದ ಜಿವರೆಗೆ ಏಳು ಸ್ವರ. ಐದನ್ನು ನುಡಿಸಿದಾಗ ಇಷ್ಟು ಗೇರ್ ತಿರುಗಿತು, ಇಷ್ಟು ಟಂಬ್ಲರ್ ಕ್ಲಿಕ್ ಎಂದಿತು ಎಂದು ಕೇಳಿಸುತ್ತದೆ. ಗೇರ್ ಅಂದರೆ ಸ್ವರವೂ ಸರಿ, ಜಾಗವೂ ಸರಿ. ಟಂಬ್ಲರ್ ಅಂದರೆ ಸ್ವರ ಸರಿ, ಜಾಗ ತಪ್ಪು. ಮೊದಲು ಎ ಎ ಎ ಬಿ ಬಿ ನುಡಿಸಿ, ಒಂದು ಗೇರ್, ಒಂದು ಟಂಬ್ಲರ್ ಬಂತು ಎನ್ನಿ. ಈ ಎರಡು ಸ್ವರಗಳಿಗೆ ರಾಗದಲ್ಲಿ ಇರುವುದು ಹೆಚ್ಚಾಗಿ ಎರಡೇ ಜಾಗ. ಮುಂದಿನ ಸಲ ಸಿ, ಡಿ ಸೇರಿಸಿ ಉಳಿದ ಮೂರನ್ನು ಅಳೆಯಿರಿ. ಪ್ರತಿ ಊಹೆಯನ್ನೂ ಉತ್ತರವನ್ನೂ ಬರೆದಿಡುತ್ತಾ ಹೋದರೆ ಹತ್ತು ಪ್ರಯತ್ನದೊಳಗೆ ಸಾಮಾನ್ಯವಾಗಿ ಸಿಗುತ್ತದೆ. ಸೇತುವೆ ಬೀಳುವ ಚೌಕದಲ್ಲಿ ಮಾತ್ರ ನಿಲ್ಲಬೇಡಿ, ಎಷ್ಟೇ ಎಚ್‌ಪಿ ಇದ್ದರೂ ಅದು ಜಜ್ಜಿಬಿಡುತ್ತದೆ. ತೆರೆದ ಮೇಲೆ ಒಳಗೆ ನುಗ್ಗುವ ಅವಸರವೂ ಬೇಡ. ಒಳಗಿನ ಸೈನಿಕರು ಸೇತುವೆಯ ಮೇಲೆ ಒಬ್ಬೊಬ್ಬರಾಗಿ ಬರಲಿ, ನೀವು ಈಚೆ ದಡದಲ್ಲೇ ನಿಂತಿರಿ. ಅವರು @ಗಳು, ಎಲ್ಬೆರೆತ್ ನಡೆಯದು.

ಒಂದು ಮೂಲೆಯ ಗೋಪುರದಲ್ಲಿ ವಾಂಡ್ ಆಫ್ ವಿಶಿಂಗ್ ಇದೆ. ಇಲ್ಲಿ ಬೇಡುವ ಮೊದಲೇ ನಿಮ್ಮ ಬಳಿ ಏನಿಲ್ಲ ಎಂದು ಎಣಿಸಿ. ಇರಬೇಕಾದ್ದು ಎರಡು: ಮ್ಯಾಜಿಕ್ ರೆಸಿಸ್ಟೆನ್ಸ್, ರಿಫ್ಲೆಕ್ಷನ್. ಮೊದಲನೆಯದಿಲ್ಲದೆ ಮಂತ್ರವಾದಿಯ ಮೃತ್ಯುಸ್ಪರ್ಶ ಒಂದೇ ಸಲಕ್ಕೆ ಕೊಲ್ಲುತ್ತದೆ. ಎರಡನೆಯದಿಲ್ಲದೆ ಡ್ರ್ಯಾಗನ್‌ನ ಉಸಿರು, ವಾಂಡ್‌ಗಳ ಕಿರಣ. ಸೊಕೊಬಾನ್‌ನಲ್ಲಿ ಆಮ್ಯುಲೆಟ್ ಸಿಕ್ಕಿದ್ದರೆ ಬ್ಲೆಸ್ಡ್ ಗ್ರೀಸ್ಡ್ +2 ಗ್ರೇ ಡ್ರ್ಯಾಗನ್ ಸ್ಕೇಲ್ ಮೇಲ್ ಕೇಳಿ, ಸಿಗದಿದ್ದರೆ ಸಿಲ್ವರ್ ಡ್ರ್ಯಾಗನ್‌ನದ್ದು ಒಂದು, ಕ್ಲೋಕ್ ಆಫ್ ಮ್ಯಾಜಿಕ್ ರೆಸಿಸ್ಟೆನ್ಸ್ ಇನ್ನೊಂದು. +2 ಯಾಕೆಂದರೆ, ಅದು ದಕ್ಕದೆ +0 ಆಗುವ ಸಾಧ್ಯತೆ ಐದರಲ್ಲೊಂದು ಮಾತ್ರ. +3 ಕೇಳಿದರೆ ಐದರಲ್ಲೆರಡು. ವಾಂಡ್ ಪೂರ್ತಿ ಖಾಲಿಯಾದ ಮೇಲೆ ಹರಸಿದ ಸ್ಕ್ರೋಲ್ ಆಫ್ ಚಾರ್ಜಿಂಗ್ ಓದಿ, ಮತ್ತೆ ಮೂರು ಬೇಡಿಕೆ ತುಂಬುತ್ತದೆ. ಈ ವಾಂಡ್ ತುಂಬುವುದು ಒಂದೇ ಸಲ, ಅದಲ್ಲದೆ ಮೂರು ಉಳಿದಿರುವಾಗಲೇ ತುಂಬಲು ಹೋದರೆ ವಾಂಡ್ ಸಿಡಿಯುತ್ತದೆ. ಆ ಸ್ಕ್ರೋಲ್ ಇಲ್ಲದಿದ್ದರೆ ಒಂದು ಬೇಡಿಕೆಯನ್ನು ಅದಕ್ಕೇ ಖರ್ಚು ಮಾಡಿ. ಲಾಭವೇ.

ಕೆಳಗೆ, ಮತ್ತೆ ಮೇಲೆ

ಕೋಟೆಯ ಪೂರ್ವದ ತುದಿಯ ಬಿಲಗಳಿಂದ ಗೆಹೆನಮ್ ಎಂಬ ನರಕಕ್ಕೆ ಬೀಳುತ್ತೀರಿ. ಅಲ್ಲಿ ಪ್ರಾರ್ಥನೆ ಇಲ್ಲ. ಇಷ್ಟು ದಿನ ಜೇಬಿನಲ್ಲಿದ್ದ ಕೊನೆಯ ಆಸರೆ ಹೋಯಿತು ಎಂದು ಒಮ್ಮೆ ಗಟ್ಟಿಯಾಗಿ ಹೇಳಿಕೊಂಡು ಇಳಿಯಿರಿ. ಮಹಡಿಗಳು ಹೆಚ್ಚಾಗಿ ಚಕ್ರವ್ಯೂಹ, ಪಿಕ್-ಆಕ್ಸ್ ಇದ್ದರೆ ಅಗೆದು ಇಳಿಯುವುದೇ ಲೇಸು. ಇಲ್ಲಿ ಹೆಚ್ಚು ಹೆದರಬೇಕಾದ್ದು ಮಾಸ್ಟರ್ ಮೈಂಡ್ ಫ್ಲೇಯರ್‌ಗೆ. ಒಂದು ಸರದಿಗೆ ಐದು ಗ್ರಹಣಾಂಗಗಳಿಂದ ಬುದ್ಧಿ ಹೀರುತ್ತದೆ, ಬುದ್ಧಿ ಮೂರರ ಕೆಳಗಿಳಿದರೆ ಸಾವು, ವ್ಯಾಲ್ಕಿರಿಯ ಬುದ್ಧಿಯಂಕ ಮೊದಲೇ ಕಡಿಮೆ. ತಲೆಯ ಮೇಲೆ ಯಾವುದೇ ಹೆಲ್ಮೆಟ್ ಇದ್ದರೂ ಎಂಟರಲ್ಲಿ ಏಳು ಸಲ ತಡೆಯುತ್ತದೆ. ಹಾಗಿದ್ದೂ ಹತ್ತಿರ ಬಿಡದೆ ದೂರದಿಂದಲೇ ಮುಗಿಸಿ.

ಇಲ್ಲಿ ಇನ್ನೆರಡು ವಸ್ತು ಪಡೆಯಬೇಕು: ರಕ್ತಪಿಶಾಚಿ ವ್ಲಾಡ್‌ನಿಂದ ಕ್ಯಾಂಡಲಾಬ್ರಮ್ (ಮೇಣದಬತ್ತಿಯ ದೀಪಸ್ತಂಭ), ಯೆಂಡೋರ್‌ನ ಮಾಂತ್ರಿಕನಿಂದ ಬುಕ್ ಆಫ್ ದ ಡೆಡ್. ವ್ಲಾಡ್ ಎಕ್ಸ್‌ಕ್ಯಾಲಿಬರ್‌ಗೆ ನಾಲ್ಕು ಏಟಿನವನು. ಮಾಂತ್ರಿಕ ಸತ್ತರೂ ಮತ್ತೆ ಮತ್ತೆ ಎದ್ದು ಬರುತ್ತಾನೆ, ಬಂದಾಗಲೆಲ್ಲ ಸಾಮಾನಿಗೆ ಶಾಪ ಹಾಕಬಹುದು, ರಿಮೂವ್ ಕರ್ಸ್ ಉಳಿಸಿಕೊಂಡದ್ದು ಇದಕ್ಕಾಗಿ. ಕೆಳಗಿನ ಮಹಡಿಯಲ್ಲಿ ನೆಲ ಕಂಪಿಸುವ ಚೌಕದ ಮೇಲೆ ನಿಂತು ಏಳು ಬತ್ತಿ ಸಿಕ್ಕಿಸಿದ ಕ್ಯಾಂಡಲಾಬ್ರಮ್ ಹಚ್ಚಿ, ಗಂಟೆ ಬಾರಿಸಿ, ಪುಸ್ತಕ ಓದಿ. ಇದೇ ಕ್ರಮ. ಮಧ್ಯೆ ಬಿಡುವು ಕೊಡಬಾರದು. ಕೆಳಗೆ ಮೊಲೊಕ್‌ನ ಪ್ರಧಾನ ಅರ್ಚಕನ ಬಳಿ ಯೆಂಡೋರ್‌ನ ಆಮ್ಯುಲೆಟ್ ಇದೆ.

ಅದನ್ನು ಹಿಡಿದು ಮೇಲೆ ಬರುವಾಗ ಮೆಟ್ಟಿಲು ಹತ್ತಿದಾಗಲೆಲ್ಲ ಒಂದು ಅಗೋಚರ ಶಕ್ತಿ ಹಿಂದಕ್ಕೆ ಎಳೆಯಬಹುದು, ಲಾಫುಲ್ ಪಾತ್ರಗಳನ್ನು ಮೂರು ಮಹಡಿಯವರೆಗೆ. ಡ್ವಾರ್ಫ್ ಆಯ್ಕೆಗೆ ಇದೊಂದು ದಂಡ. ಊಟಕ್ಕೆಂದು ಹೆಚ್ಚುವರಿ ರೇಷನ್ ಮೊದಲೇ ಇಟ್ಟುಕೊಳ್ಳಿ.

ನೆಲಮಾಳಿಗೆಗೂ ಮೇಲೆ ಭೂಮಿ, ಗಾಳಿ, ಬೆಂಕಿ, ನೀರು ಈ ನಾಲ್ಕು ಲೋಕಗಳಲ್ಲಿ ಪೋರ್ಟಲ್, ಅಂದರೆ ಮುಂದಿನ ಲೋಕದ ಬಾಗಿಲು, ಹುಡುಕಬೇಕು. ಗೊಂದಲದ ಸ್ಥಿತಿಯಲ್ಲಿ ಗೋಲ್ಡ್ ಡಿಟೆಕ್ಷನ್ ಸ್ಕ್ರೋಲ್ ಓದಿದರೆ ಪೋರ್ಟಲ್ ಇರುವ ಜಾಗ ಪರದೆಯ ಮೇಲೆ ಕಾಣುತ್ತದೆ. ಲೋಕಕ್ಕೊಂದರಂತೆ ನಾಲ್ಕು ಸ್ಕ್ರೋಲ್ ಕೂಡಿಟ್ಟಿರಿ. ಇಲ್ಲದಿದ್ದರೆ ಆಮ್ಯುಲೆಟ್ ಬಿಸಿಯಾಗುವ ಸಂದೇಶವನ್ನು ಹಿಂಬಾಲಿಸಿ, ಹತ್ತಿರವಾದಷ್ಟೂ ಬಿಸಿ ಹೆಚ್ಚು.

ಕೊನೆಯ ಆಸ್ಟ್ರಲ್ ಲೋಕದಲ್ಲಿ ಮೂರು ಬಲಿಪೀಠ, ಮೂವರು ಸವಾರರು. ಡೆತ್‌ನ ಸ್ಪರ್ಶಕ್ಕೆ ಮ್ಯಾಜಿಕ್ ರೆಸಿಸ್ಟೆನ್ಸ್ ಬೇಕೇ ಬೇಕು, ಪೆಸ್ಟಿಲೆನ್ಸ್ ತರುವ ರೋಗಕ್ಕೆ ಯೂನಿಕಾರ್ನ್ ಕೊಂಬು. ಇವರನ್ನು ಕೊಲ್ಲಲು ನಿಲ್ಲಬೇಡಿ, ಕೊಂದರೂ ಏಳುತ್ತಾರೆ, ದಾರಿ ಬಿಡಿಸಿಕೊಂಡು ನಡೆಯಿರಿ. ಬಲಿಪೀಠದ ಮೇಲೆ ಕಾಲಿಟ್ಟ ಕೂಡಲೇ : ಒತ್ತಿ ನೋಡಿ. ವ್ಯಾಲ್ಕಿರಿಯ ದೇವರುಗಳು ಟೀರ್, ಓಡಿನ್, ಲೋಕಿ. ಲಾಫುಲ್ ವ್ಯಾಲ್ಕಿರಿಗೆ ಟೀರ್. ಬೇರೆ ಹೆಸರು ಕಂಡರೆ, ಸುತ್ತ ಎಷ್ಟೇ ಏಟು ಬೀಳುತ್ತಿದ್ದರೂ ಇಳಿದು ಮುಂದಿನ ಬಲಿಪೀಠಕ್ಕೆ ಹೋಗಿ, ಏಕೆಂದರೆ ಅಲ್ಲಿ ಅರ್ಪಿಸಿದರೆ ಅದು ಬೇರೆ ದೇವರ ಪಾಲು. ಟೀರ್ ಎಂದು ಓದಿದ ಮೇಲೆ #offer ಕೊಟ್ಟು, ಆಮ್ಯುಲೆಟ್‌ನ ಅಕ್ಷರ ಒತ್ತಿ.